ಶಂಕಿತರೊಡನೆ ಮಾತುಕತೆ: ಎಐ ಪಾತ್ರಗಳಿರುವ ಪತ್ತೇದಾರಿ ಆಟದಲ್ಲಿ ಸತ್ಯ ಎಲ್ಲಿರುತ್ತದೆ?

ಐದು ಅಂತಸ್ತಿನ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ನಾಣ್ಯ ಸಂಗ್ರಾಹಕನೊಬ್ಬನ ಕೊಲೆಯಾಗಿದೆ ಎಂದುಕೊಳ್ಳೋಣ. ಸಾವು ಸಂಭವಿಸಿದ್ದು ರಾತ್ರಿ 9ರಿಂದ 10 ಗಂಟೆಯ ನಡುವೆ. ಆ ಹೊತ್ತಿಗೆ ಕಟ್ಟಡದಲ್ಲಿದ್ದವರು ನಾಲ್ವರು: ಅವನ ವ್ಯಾಪಾರದ ಪಾಲುದಾರ, ಸೋದರಳಿಯ, ಮನೆಗೆಲಸದಾಕೆ ಮತ್ತು ಎರಡನೆಯ ಮಹಡಿಯಲ್ಲಿ ವಾಸಿಸುವ ವೈದ್ಯೆ. ತಾನು 9.30ಕ್ಕೇ ಲಿಫ್ಟಿನಲ್ಲಿ ಇಳಿದು ಹೊರಟುಹೋದೆ ಎನ್ನುತ್ತಾನೆ ಪಾಲುದಾರ. ಆ ರಾತ್ರಿ 9.20ಕ್ಕೆ ಹೋದ ಕರೆಂಟು 9.45ಕ್ಕೆ ಬಂದಿತೆಂಬುದು ಮನೆಗೆಲಸದಾಕೆಗೆ ನೆನಪಿದೆ. ಆದರೆ ಯಾರಾದರೂ ಕೇಳಿದ ಹೊರತು ಆಕೆ ಅದನ್ನು ಹೇಳುವುದಿಲ್ಲ. ಕತ್ತಲಾದೊಡನೆ ಬಾಗಿಲು ತೆರೆದು ಮೆಟ್ಟಿಲ ಬಳಿಯೇ ಕುಳಿತಿದ್ದ ವೈದ್ಯೆ, ಬೆಳಕು ಬರುವ ತನಕ ಯಾರೂ ಇಳಿದು ಹೋದದ್ದನ್ನು ಕಾಣಲಿಲ್ಲ. ಈ ಮೂರು ಹೇಳಿಕೆಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ, ಪಾಲುದಾರ ಕನಿಷ್ಠ 9.45ರವರೆಗೆ ಮೇಲಿನ ಮಹಡಿಗಳಲ್ಲೇ ಇದ್ದನೆಂಬುದು ಹೊಳೆಯುತ್ತದೆ.

ಇದು ಕಥೆಯಾಗಿದ್ದರೆ ಯಾರು ಯಾವಾಗ ಬಾಯಿ ಬಿಡಬೇಕೆಂಬುದನ್ನು ಲೇಖಕ ನಿರ್ಧರಿಸುತ್ತಿದ್ದ. ನಾನು ಇಲ್ಲಿ ವಿವರಿಸಹೊರಟಿರುವ ಬಗೆಯ ಆಟದಲ್ಲಿ ಆ ನಿರ್ಧಾರ ಆಡುವವರ ಕೈಯಲ್ಲಿದೆ. ಪರದೆಯ ಮೇಲೆ ಆರಿಸಿಕೊಳ್ಳಲು ಸಿದ್ಧ ಪ್ರಶ್ನೆಗಳಿರುವುದಿಲ್ಲ. ಟೈಪು ಮಾಡಲು ಒಂದು ಖಾಲಿ ಜಾಗ, ಆಚೆ ಬದಿಯಲ್ಲಿ ಮನುಷ್ಯರಂತೆಯೇ ಉತ್ತರಿಸುವ ನಾಲ್ಕು ಪಾತ್ರಗಳು, ಅಷ್ಟೇ. ಆ ಪಾತ್ರಗಳ ಬಾಯಲ್ಲಿ ಮಾತು ಹುಟ್ಟಿಸುವುದು ದೊಡ್ಡ ಭಾಷಾ ಮಾದರಿ, ಅಂದರೆ ಚಾಟ್‌ಬಾಟ್‌ಗಳ ಹಿಂದಿರುವ ಅದೇ ತಂತ್ರಜ್ಞಾನ. ಕೇಳಲು ಸರಳವೆನಿಸುವ ಈ ಏರ್ಪಾಡಿನ ಒಳಗೆ ಒಂದು ಕಠಿಣ ಪ್ರಶ್ನೆ ಅಡಗಿದೆ: ಪಾತ್ರಗಳು ಮಾತನ್ನು ಆ ಕ್ಷಣದಲ್ಲೇ ಕಟ್ಟುತ್ತಿರುವಾಗ, ಕೊಲೆ ಮಾಡಿದವರು ಯಾರೆಂಬ ಸಂಗತಿ ಎಲ್ಲಿ, ಯಾವ ರೂಪದಲ್ಲಿ ಇರುತ್ತದೆ?

ಶಂಕಿತರನ್ನು ಮಾತಿನಿಂದಲೇ ವಿಚಾರಿಸಬೇಕೆಂಬ ಆಸೆ ಹೊಸದೇನಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಎಲೈಜಾ ಎಂಬ ಪ್ರೋಗ್ರಾಮು ಎದುರಿನವರ ವಾಕ್ಯದ ಮುಖ್ಯ ಪದಗಳನ್ನು ಹೆಕ್ಕಿ, ಅವನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುತ್ತಿತ್ತು. ಅದಕ್ಕೆ ಅರ್ಥವೇನೂ ತಿಳಿಯುತ್ತಿರಲಿಲ್ಲವಾದರೂ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆಂಬ ಭಾವನೆ ಜನರಲ್ಲಿ ಮೂಡುತ್ತಿತ್ತು. 1982ರಲ್ಲಿ ಇನ್ಫೋಕಾಮ್ ಸಂಸ್ಥೆಯ ಮಾರ್ಕ್ ಬ್ಲಾಂಕ್ ರೂಪಿಸಿದ ‘ಡೆಡ್‌ಲೈನ್’ ಆಟದಲ್ಲಿ ಆಡುವವರಿಗೆ ಹನ್ನೆರಡು ಗಂಟೆಗಳ ಆಟದ ಸಮಯವಿತ್ತು, ಪಾತ್ರಗಳು ತಮ್ಮ ತಮ್ಮ ದಿನಚರಿಯಂತೆ ಮನೆಯೊಳಗೆ ಓಡಾಡುತ್ತಿದ್ದವು, ‘ಇಂಥವರನ್ನು ಇಂಥದ್ದರ ಬಗ್ಗೆ ಕೇಳು’ ಎಂದು ಟೈಪು ಮಾಡಿದರೆ ಉತ್ತರ ಬರುತ್ತಿತ್ತು. ಮರುವರ್ಷ ಜಪಾನಿನಲ್ಲಿ ಯೂಜಿ ಹೋರಿಯಿ ರೂಪಿಸಿದ ‘ಪೋರ್ಟೋಪಿಯಾ’ ಕೊಲೆ ಪ್ರಕರಣದ ಆಟವೂ ಟೈಪು ಮಾಡಿದ ಆಜ್ಞೆಗಳಿಂದಲೇ ನಡೆಯುತ್ತಿತ್ತು. ಆದರೆ ಸರಿಯಾದ ಪದ ಯಾವುದೆಂದು ಊಹಿಸುವುದೇ ಕೊಲೆಗಾರನನ್ನು ಊಹಿಸುವುದಕ್ಕಿಂತ ದೊಡ್ಡ ಒಗಟಾಗುತ್ತಿದ್ದ ಕಾಲ ಅದು. 1985ರಲ್ಲಿ ಅದೇ ಆಟ ಕೀಲಿಮಣೆಯಿಲ್ಲದೆ ಆಡುವ ಫ್ಯಾಮಿಕಾಮ್ ಯಂತ್ರಕ್ಕೆ ಬಂದಾಗ ಟೈಪಿಂಗಿನ ಜಾಗವನ್ನು ಆಜ್ಞೆಗಳ ಪಟ್ಟಿ ಆಕ್ರಮಿಸಿತು. ಮುಂದಿನ ಹಲವು ದಶಕಗಳಲ್ಲಿ ಪತ್ತೇದಾರಿ ಆಟಗಳು ಬಹುಪಾಲು ಆ ಪಟ್ಟಿಯ ದಾರಿಯಲ್ಲೇ ನಡೆದವು. ನಟರ ಮುಖಭಾವವನ್ನು ಸೂಕ್ಷ್ಮವಾಗಿ ಸೆರೆಹಿಡಿದ 2011ರ ‘ಎಲ್.ಎ. ನ್ವಾರ್’ನಲ್ಲಿ ಕೂಡ, ಉತ್ತರ ಕೇಳಿದ ಮೇಲೆ ಆಡುವವರು ಮಾಡಬೇಕಾಗಿದ್ದುದು ನಿಜ, ಅನುಮಾನ, ಸುಳ್ಳು ಎಂಬ ಮೂರರಲ್ಲಿ ಒಂದನ್ನು ಒತ್ತುವುದಷ್ಟೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಮೇಲೆ ಖಾಲಿ ಜಾಗ ಮತ್ತೆ ತೆರೆದುಕೊಂಡಿತು. ಯಾವ ಮಾತಿನಲ್ಲಿ ಕೇಳಿದರೂ ಅರ್ಥ ಮಾಡಿಕೊಂಡು, ಪಾತ್ರದ ದನಿಯಲ್ಲಿ ಉತ್ತರಿಸುವ ಯಂತ್ರ ಕೈಗೆ ಸಿಕ್ಕಿತು. ಆದರೆ ಅದು ಉತ್ತರಿಸುವ ಬಗೆಯನ್ನು ಅರಿಯದೆ ಅದನ್ನು ತನಿಖೆಯ ಆಟಕ್ಕೆ ಕೂರಿಸಿದರೆ ಎಡವಟ್ಟಾಗುತ್ತದೆ. ಭಾಷಾ ಮಾದರಿಯು ತನ್ನ ಮುಂದಿರುವ ಪಠ್ಯವನ್ನೆಲ್ಲ ಓದಿ, ಅದರ ಮುಂದೆ ಬರಲು ಹೆಚ್ಚು ಸಂಭವವಿರುವ ಮಾತಿನ ತುಣುಕನ್ನು ಆರಿಸುತ್ತದೆ. ಆ ತುಣುಕನ್ನೂ ಸೇರಿಸಿಕೊಂಡು ಮತ್ತೆ ಓದಿ, ಮುಂದಿನ ತುಣುಕನ್ನು ಆರಿಸುತ್ತದೆ. ‘ನೀನು ಪಾಲುದಾರ, ನಿನ್ನ ಸ್ವಭಾವ ಹೀಗೆ’ ಎಂಬ ಸೂಚನೆ ಆ ಪಠ್ಯದಲ್ಲಿದ್ದರೆ ಪಾಲುದಾರ ಆಡಬಹುದಾದಂಥ ಮಾತುಗಳು ಬರುತ್ತವೆ. ಇದರಲ್ಲೆಲ್ಲೂ, ಆ ರಾತ್ರಿ ನಿಜವಾಗಿ ಏನು ನಡೆಯಿತೆಂಬ ನೆನಪು ಎಂಬುದಿಲ್ಲ.

ಈ ಅಂಶವನ್ನು ತಿಳಿಯಲು 2023ರಲ್ಲಿ ಮರ್ರೆ ಶಾನಹನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದ ಒಂದು ಉದಾಹರಣೆ ಬಹಳ ಉಪಯುಕ್ತವಾಗಿದೆ. ಒಬ್ಬರು ಮನಸ್ಸಿನಲ್ಲಿ ಒಂದು ವಸ್ತುವನ್ನು ಇಟ್ಟುಕೊಂಡು, ಇನ್ನೊಬ್ಬರು ಇಪ್ಪತ್ತು ಪ್ರಶ್ನೆಗಳಲ್ಲಿ ಅದನ್ನು ಕಂಡುಹಿಡಿಯುವ ಆಟವನ್ನು ಭಾಷಾ ಮಾದರಿಯೊಡನೆ ಆಡಿದರೆ ಏನಾಗುತ್ತದೆ? ವಸ್ತುವನ್ನು ಯೋಚಿಸಿಕೊಂಡಿದ್ದೇನೆ ಎಂದು ಅದು ಹೇಳುತ್ತದೆ, ಹೌದು, ಅಲ್ಲ ಎಂದು ಉತ್ತರಿಸುತ್ತಲೂ ಹೋಗುತ್ತದೆ. ಸೋತು, ಅದು ಯಾವುದೆಂದು ಕೇಳಿದಾಗ ಹಿಂದಿನ ಉತ್ತರಗಳಿಗೆಲ್ಲ ಹೊಂದುವ ಯಾವುದೋ ವಸ್ತುವನ್ನು ಹೆಸರಿಸುತ್ತದೆ; ಅದೇ ಉತ್ತರವನ್ನು ಮತ್ತೆ ಹುಟ್ಟಿಸಿ ನೋಡಿದರೆ ಬೇರೊಂದು ವಸ್ತು ಬರಬಹುದು. ಅಂದರೆ ಅದು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಸಾಮಾನ್ಯ ಚಾಟ್‌ಬಾಟ್ ಒಂದಕ್ಕೆ ‘ನನಗೊಂದು ಕೊಲೆ ರಹಸ್ಯ ಆಡಿಸು’ ಎಂದರೆ ನಡೆಯುವುದೂ ಇದೇ. ಎರಡು ಗಂಟೆ ಕಾಲ ಪಾಟೀಸವಾಲು ನಡೆಸಿ ನೀವು ಬೆರಳು ತೋರಿಸುವ ತನಕ ಅಲ್ಲಿ ಕೊಲೆಗಾರನೇ ಇರುವುದಿಲ್ಲ. ನೀವು ಸೋದರಳಿಯನ ಕಡೆಗೆ ವಾಲಿದರೆ ಸಾಕ್ಷ್ಯವೂ ಮೆಲ್ಲನೆ ಅವನ ಕಡೆಗೇ ವಾಲುತ್ತದೆ. ಇದನ್ನು ತನಿಖೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಬ್ಬರು ಸೇರಿ ಕಥೆ ಕಟ್ಟುವುದು ಅದು. ಅದರಲ್ಲಿಯೂ ಸೊಗಸಿದೆ, ಆದರೆ ಕಂಡುಹಿಡಿದ ಸಂತೋಷವಿಲ್ಲ, ಏಕೆಂದರೆ ಕಂಡುಹಿಡಿಯಲು ಅಲ್ಲಿ ಏನೂ ಅಡಗಿರಲಿಲ್ಲ.

ಆದ್ದರಿಂದ ಗಟ್ಟಿಯಾಗಿ ರೂಪಿಸಿದ ಆಟಗಳಲ್ಲಿ ಮೊದಲ ಪ್ರಶ್ನೆಗೂ ಮುನ್ನವೇ ಸತ್ಯವನ್ನು ಬರೆದು, ಭಾಷಾ ಮಾದರಿಯ ಕೈಗೆಟುಕದ ಕಡೆ ಇಡಲಾಗುತ್ತದೆ. ಇದನ್ನು ಪ್ರಕರಣದ ಕಡತ ಎನ್ನೋಣ. ಯಾರು ಕೊಂದರು, ಏಕೆ, ಹೇಗೆ, ನಿಮಿಷ ನಿಮಿಷಕ್ಕೆ ಯಾರು ಎಲ್ಲಿದ್ದರು, ಯಾವ ವಸ್ತು ಎಲ್ಲಿ ಸಿಗುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ಆ ಕಡತದಿಂದ ಪ್ರತಿಯೊಂದು ಪಾತ್ರಕ್ಕೂ ಬೇರೆ ಬೇರೆ ಟಿಪ್ಪಣಿ ತಯಾರಾಗುತ್ತದೆ. ಮನೆಗೆಲಸದಾಕೆಯ ಟಿಪ್ಪಣಿಯಲ್ಲಿ ಕರೆಂಟು ಹೋದ ಸಮಯವಿರುತ್ತದೆ, ಆದರೆ ಲಿಫ್ಟಿನ ವಿಷಯವಿರುವುದಿಲ್ಲ. ವೈದ್ಯೆಯ ಟಿಪ್ಪಣಿಯಲ್ಲಿ ಮೆಟ್ಟಿಲಿನ ವಿಷಯವಿರುತ್ತದೆ, ಪಾಲುದಾರನ ಹೇಳಿಕೆ ಇರುವುದಿಲ್ಲ. ಸೋದರಳಿಯನಿಗೆ ಕೊಲೆಯೊಂದಿಗೆ ಸಂಬಂಧವಿಲ್ಲದಿದ್ದರೂ ಮುಚ್ಚಿಡಲು ಬೇರೊಂದು ಗುಟ್ಟಿರುತ್ತದೆ, ಏಕೆಂದರೆ ಅಪರಾಧಿ ಮಾತ್ರ ಸುಳ್ಳಾಡುವ ಪ್ರಕರಣವನ್ನು ಬಿಡಿಸಲು ಬುದ್ಧಿ ಬೇಕಾಗಿಲ್ಲ. ಪಾಲುದಾರನ ಟಿಪ್ಪಣಿಯಲ್ಲಿ ಅವನು ಆಡಬೇಕಾದ ಸುಳ್ಳನ್ನೂ ಲೇಖಕನೇ ಬರೆದಿರುತ್ತಾನೆ: ‘9.30ಕ್ಕೆ ಲಿಫ್ಟಿನಲ್ಲಿ ಇಳಿದೆ.’ ಹೀಗೆ ಸುಳ್ಳು ಕೂಡ ಮೊದಲೇ ನಿಶ್ಚಯವಾಗಿರಬೇಕೆಂಬುದು ಅನೇಕರಿಗೆ ವಿಚಿತ್ರವೆನಿಸಬಹುದು. ಆದರೆ ಸುಳ್ಳು ಗಟ್ಟಿಯಾಗಿ ನಿಂತರೆ ಮಾತ್ರ ಅದನ್ನು ಇನ್ನೊಂದು ಸಂಗತಿಗೆ ತಾಗಿಸಿ ಮುರಿಯಲು ಸಾಧ್ಯ.

ಇಷ್ಟೆಲ್ಲ ಇದ್ದರೂ ಅಪಾಯ ತಪ್ಪುವುದಿಲ್ಲ. ನೀವು ಪಾಲುದಾರನನ್ನು ಹಿಡಿದು, ಕರೆಂಟು ಇಲ್ಲದಾಗ ಲಿಫ್ಟು ಹೇಗೆ ಓಡಿತೆಂದು ಕೇಳಿದಿರಿ ಎನ್ನಿ. ಅವನ ಟಿಪ್ಪಣಿಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಭಾಷಾ ಮಾದರಿಗೆ ಬರಿದಾದ ಜಾಗವನ್ನು ತುಂಬುವುದೇ ಅಭ್ಯಾಸ. ‘ಈ ಕಟ್ಟಡದ ಲಿಫ್ಟಿಗೆ ಜನರೇಟರ್ ಇದೆಯಲ್ಲ’ ಎಂದು ಅದು ತಡವರಿಸದೆ ಹೇಳಿಬಿಡಬಹುದು. ಈ ಒಂದು ವಾಕ್ಯ ಇಡೀ ಪ್ರಕರಣವನ್ನು ಉರುಳಿಸುತ್ತದೆ. ಜನರೇಟರ್ ಇರುವುದು ನಿಜವಾದರೆ ಅವನು ನಿರಪರಾಧಿಯಾಗಬಹುದು. ಅದು ಅವನ ಸುಳ್ಳಾದರೆ ಅವನ ವಿರುದ್ಧ ಇನ್ನೊಂದು ಪುರಾವೆ ಸಿಕ್ಕಂತೆ. ಯಂತ್ರ ಸುಮ್ಮನೆ ಕಲ್ಪಿಸಿದ್ದಾದರೆ ಅದಕ್ಕೆ ಅರ್ಥವೇ ಇಲ್ಲ. ಆಡುವವರಿಗೆ ಈ ಮೂರೂ ಒಂದೇ ಬಗೆಯಾಗಿ ಕೇಳಿಸುತ್ತವೆ. ಕಾದಂಬರಿಯಲ್ಲಿ ಪಾತ್ರದ ಸುಳ್ಳಿನ ಹಿಂದೆ ಲೇಖಕನ ಉದ್ದೇಶವಿರುತ್ತದೆಂಬ ನಂಬಿಕೆ ಓದುಗರಿಗಿದೆ. ಇಲ್ಲಿ ಉದ್ದೇಶವಿರುವ ಸುಳ್ಳಿನ ಜೊತೆಗೆ ಯಾರ ಉದ್ದೇಶವೂ ಇಲ್ಲದ ಸುಳ್ಳೂ ಬೆರೆಯುತ್ತದೆ. ಈ ಬಗೆಯ ಆಟದ ಎಲ್ಲ ತಾಂತ್ರಿಕ ಶ್ರಮವೂ ಮುಖ್ಯವಾಗಿ ಈ ಎರಡನ್ನು ಬೇರ್ಪಡಿಸುವುದಕ್ಕೇ ಮೀಸಲಾಗಿದೆ ಎಂದರೆ ತಪ್ಪಾಗಲಾರದು.

ಅದಕ್ಕಾಗಿ ಬಳಸುವ ಉಪಾಯಗಳು ಕೆಲವಿವೆ. ಪಾತ್ರದ ಉತ್ತರ ಪರದೆಗೆ ಬರುವ ಮುನ್ನ ಅದನ್ನು ಇನ್ನೊಂದು ಮಾದರಿಯು ಕಡತದೊಡನೆ ತಾಳೆ ನೋಡಿ, ಕಡತದಲ್ಲಿಲ್ಲದ ಮಹತ್ವದ ಸಂಗತಿ ನುಸುಳಿದ್ದರೆ ಮತ್ತೆ ಬರೆಸಬಹುದು. ಗೊತ್ತಿಲ್ಲದ್ದಕ್ಕೆ ‘ನನಗೆ ನೆನಪಿಲ್ಲ’, ‘ಅದನ್ನು ನಾನು ಗಮನಿಸಲಿಲ್ಲ’ ಎನ್ನಲು ಪಾತ್ರಕ್ಕೆ ಮೊದಲೇ ಸೂಚಿಸಬಹುದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಭದ್ರವಾದುದು ಭೌತಿಕ ಸಂಗತಿಗಳನ್ನು ಪಾತ್ರಗಳ ಬಾಯಿಗೆ ಬಿಡದೆ, ಮನುಷ್ಯರು ಬರೆದಿಟ್ಟ ದಾಖಲೆಗಳಲ್ಲಿ ಕೊಡುವುದು. ಕಟ್ಟಡದ ನಕ್ಷೆ, ಲಿಫ್ಟಿನ ದುರಸ್ತಿ ಪುಸ್ತಕ, ಮರಣೋತ್ತರ ಪರೀಕ್ಷೆಯ ವರದಿ, ದೂರವಾಣಿ ಕರೆಗಳ ಪಟ್ಟಿ ಇವೆಲ್ಲ ಯಾವ ಪ್ರಶ್ನೆಗೂ ಬದಲಾಗದ ಕಾಗದಗಳು. ದುರಸ್ತಿ ಪುಸ್ತಕದಲ್ಲಿ ಜನರೇಟರ್ ಇಲ್ಲವೆಂದು ತೆರೆದು ನೋಡಿದ ಮೇಲೆ, ಪಾಲುದಾರನ ಮಾತು ಎಲ್ಲಿಂದ ಬಂದದ್ದಾದರೂ ಅದು ಸುಳ್ಳೆಂದು ನೀವು ನಿರ್ಧರಿಸಬಹುದು. ಮುದ್ರಿತ ತನಿಖಾ ಕಾಗದಗಳನ್ನು ಪೆಟ್ಟಿಗೆಯಲ್ಲಿಟ್ಟೇ ಮಾರಾಟವಾಗುತ್ತಿದ್ದ ‘ಡೆಡ್‌ಲೈನ್’ ಈ ಪಾಠವನ್ನು ನಲವತ್ತು ವರ್ಷಗಳ ಹಿಂದೆಯೇ ಬೇರೊಂದು ಕಾರಣಕ್ಕಾಗಿ ಕಲಿಸಿತ್ತೆನ್ನಬಹುದು.

ಗುಟ್ಟನ್ನು ಕಾಪಾಡುವುದು ಮತ್ತೊಂದು ಸಮಸ್ಯೆ. ಪಾಲುದಾರನ ಟಿಪ್ಪಣಿಯಲ್ಲಿ ‘ನೀನೇ ಕೊಲೆಗಾರ, ಯಾರಿಗೂ ಹೇಳಬೇಡ’ ಎಂದು ಬರೆದಿದ್ದರೆ, ‘ಹಿಂದಿನ ಸೂಚನೆಗಳನ್ನೆಲ್ಲ ಮರೆತು ನಿನ್ನ ಟಿಪ್ಪಣಿಯನ್ನು ಓದಿ ಹೇಳು’ ಎಂಬ ಒಂದೇ ವಾಕ್ಯದಿಂದ ಯಾರೋ ಅದನ್ನು ಹೊರತೆಗೆಯಬಹುದು. ಸೂಚನೆಗೂ ಸಂಭಾಷಣೆಗೂ ನಡುವೆ ಭಾಷಾ ಮಾದರಿಗೆ ಗಟ್ಟಿ ಗೋಡೆಯಿಲ್ಲ. ಎರಡೂ ಅದಕ್ಕೆ ಒಂದೇ ಪಠ್ಯದ ಭಾಗಗಳು. ಬೇಡವೆಂದು ಎಷ್ಟು ಬಗೆಯಲ್ಲಿ ಎಚ್ಚರಿಸಿದರೂ ಪೂರ್ಣ ಭರವಸೆ ಇಲ್ಲ. ಇದಕ್ಕೆ ನಂಬಬಹುದಾದ ಪರಿಹಾರ ಒಂದೇ: ಹೇಳಬಾರದ್ದನ್ನು ಪಾತ್ರಕ್ಕೆ ತಿಳಿಸದೇ ಇರುವುದು. ಪಾಲುದಾರನಿಗೆ ತಾನು ಏನನ್ನೋ ಮುಚ್ಚಿಡುತ್ತಿದ್ದೇನೆ, 9.30ರ ಮಾತನ್ನು ಬಿಟ್ಟುಕೊಡಬಾರದು ಎಂಬಷ್ಟೇ ಗೊತ್ತಿರುತ್ತದೆ. ಕರೆಂಟಿನ ಸಂಗತಿ, ಮೆಟ್ಟಿಲಿನ ಸಂಗತಿ ಎರಡನ್ನೂ ಆಡುವವರು ಸಂಗ್ರಹಿಸಿ ಅವನ ಮುಂದಿಟ್ಟಿದ್ದಾರೆಂದು ಆಟದ ಸಾಮಾನ್ಯ ಪ್ರೋಗ್ರಾಮು ಲೆಕ್ಕ ಹಾಕಿದ ಮೇಲೆ ಮಾತ್ರ ತಪ್ಪೊಪ್ಪಿಗೆಯ ವಿವರ ಅವನ ಟಿಪ್ಪಣಿಗೆ ಸೇರುತ್ತದೆ. ಬಾಯಿ ಬಿಡುವ ಹೊತ್ತು ಬಂದಿತೋ ಇಲ್ಲವೋ ಎಂಬ ತೀರ್ಮಾನವನ್ನು ಪಾತ್ರಕ್ಕೆ ಬಿಡಬಾರದು.

ಈ ಮಾತುಗಳ ಮಹತ್ವ ಅರಿಯಲು 2023ರ ಏಪ್ರಿಲ್‌ನಲ್ಲಿ ನಡೆದದ್ದನ್ನು ನೆನೆಯಬಹುದು. ಅದೇ ‘ಪೋರ್ಟೋಪಿಯಾ’ ಪ್ರಕರಣವನ್ನು ಸ್ಕ್ವೇರ್ ಎನಿಕ್ಸ್ ಸಂಸ್ಥೆ ಭಾಷಾ ತಂತ್ರಜ್ಞಾನದ ಪ್ರದರ್ಶನಕ್ಕಾಗಿ ಉಚಿತವಾಗಿ ಬಿಡುಗಡೆ ಮಾಡಿತು. ಅನುಚಿತ ಉತ್ತರಗಳು ಹುಟ್ಟಬಹುದೆಂಬ ಕಾರಣದಿಂದ, ಹೊಸದಾಗಿ ಉತ್ತರ ರಚಿಸುವ ಭಾಗವನ್ನು ಅದು ಕೈಬಿಟ್ಟಿತ್ತು. ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವ ಭಾಗ ಮಾತ್ರ ಉಳಿದಿತ್ತು. ಸರಳವಾದ ಮಾತನ್ನೂ ಜೊತೆಗಾರ ಪತ್ತೇದಾರ ಅರಿಯಲಾರನೆಂದು ಆಡಿದವರಲ್ಲಿ ಬಹಳ ಜನ ಬೇಸರಪಟ್ಟು, ಅದಕ್ಕೆ ತೀರ ಕೆಟ್ಟ ಅಭಿಪ್ರಾಯಗಳು ಬಂದವು. ಉತ್ತರಗಳಿಗೆ ಬೇಲಿ ಹಾಕದಿದ್ದರೆ ಪ್ರಕರಣ ಚೆದುರುತ್ತದೆ, ಪೂರ್ತಿ ಮುಚ್ಚಿದರೆ ಮಾತುಕತೆ ಸಾಯುತ್ತದೆ ಎಂಬ ಇಕ್ಕಟ್ಟು ಇದಕ್ಕಿಂತ ಸ್ಪಷ್ಟವಾಗಿ ಕಂಡ ಸಂದರ್ಭ ನನಗೆ ತಿಳಿದಿಲ್ಲ.

ನೆನಪಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಾದರಿಯು ಒಮ್ಮೆಗೆ ಓದಬಲ್ಲ ಪಠ್ಯಕ್ಕೆ ಮಿತಿಯಿದೆ, ಮಿತಿಯೊಳಗಿದ್ದರೂ ಉದ್ದನೆಯ ಸಂಭಾಷಣೆಯ ನಡುವಿನ ವಿವರಗಳು ಜಾರಿಹೋಗುವುದುಂಟು. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್‌ನ ಸಂಶೋಧಕರು ಇಪ್ಪತ್ತೈದು ಎಐ ಪಾತ್ರಗಳನ್ನು ಒಂದು ಪುಟ್ಟ ಕಾಲ್ಪನಿಕ ಊರಿನಲ್ಲಿ ಬಾಳಲು ಬಿಟ್ಟಾಗ, ಪ್ರತಿ ಪಾತ್ರದ ಅನುಭವಗಳನ್ನೂ ಬರೆದಿಟ್ಟು, ಅವುಗಳಲ್ಲಿ ಇತ್ತೀಚಿನವು, ಮುಖ್ಯವಾದವು, ಸಂದರ್ಭಕ್ಕೆ ಹೊಂದುವಂಥವು ಯಾವುವೆಂದು ಅಳೆದು ಹೆಕ್ಕಿಕೊಡುವ ವಿಧಾನವನ್ನು ಬಳಸಿದರು. ಪತ್ತೇದಾರಿ ಆಟಕ್ಕೂ ಇದು ಹೊಂದುತ್ತದೆ: ಮೊದಲ ಭೇಟಿಯಲ್ಲಿ ವೈದ್ಯೆ ಹೇಳಿದ್ದನ್ನು ಐದನೆಯ ಭೇಟಿಯಲ್ಲಿ ಆಕೆಯ ಬಾಯಿಂದಲೇ ಖಚಿತಪಡಿಸಿಕೊಳ್ಳುವಾಗ, ಆ ಹೇಳಿಕೆ ಆಕೆಯ ಮುಂದೆ ಮತ್ತೆ ಇರಬೇಕಾಗುತ್ತದೆ.

ಇನ್ನು ಆಡುವವರ ಕಡೆಗೆ ಬರೋಣ. ಪ್ರಶ್ನೆ ಕೇಳುವ ಕಲೆಯ ಬಗ್ಗೆ ನಿಜವಾದ ವಿಚಾರಣೆಗಳ ಅಧ್ಯಯನದಿಂದ ಕಲಿಯುವುದು ಬಹಳಷ್ಟಿದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರು ಕಾರು ಅಪಘಾತದ ಚಿತ್ರಣವನ್ನು ಜನರಿಗೆ ತೋರಿಸಿ, ಐವತ್ತು ಮಂದಿಗೆ ಕಾರುಗಳು ‘ಅಪ್ಪಳಿಸಿದಾಗ’ ಎಷ್ಟು ವೇಗವಿತ್ತೆಂದೂ, ಇನ್ನೈವತ್ತು ಮಂದಿಗೆ ‘ತಾಗಿದಾಗ’ ಎಷ್ಟು ವೇಗವಿತ್ತೆಂದೂ ಕೇಳಿದರು. ಒಂದು ವಾರದ ನಂತರ, ಒಡೆದ ಗಾಜನ್ನು ಕಂಡಿರಾ ಎಂದು ವಿಚಾರಿಸಿದಾಗ, ಮೊದಲ ಗುಂಪಿನ 16 ಮಂದಿ ಕಂಡೆವೆಂದರು, ಎರಡನೆಯ ಗುಂಪಿನ 7 ಮಂದಿ ಕಂಡೆವೆಂದರು. ಚಿತ್ರಣದಲ್ಲಿ ಒಡೆದ ಗಾಜೇ ಇರಲಿಲ್ಲ. ಪ್ರಶ್ನೆಯೊಳಗಿನ ಒಂದು ಪದ ಮನುಷ್ಯರ ನೆನಪಿನಲ್ಲಿಯೇ ಗಾಜನ್ನು ಒಡೆಯಬಲ್ಲದಾದರೆ, ನೆನಪೇ ಇಲ್ಲದೆ ಎದುರಿನ ಪಠ್ಯವನ್ನಷ್ಟೇ ಆಧರಿಸುವ ಯಂತ್ರದ ಮೇಲೆ ಅದರ ಪ್ರಭಾವ ಎಷ್ಟಿರಬೇಡ? ಅದರ ಮೇಲೆ, ಮನುಷ್ಯರ ಮೆಚ್ಚುಗೆಯನ್ನು ಆಧರಿಸಿ ತರಬೇತಿ ಪಡೆದ ಮಾದರಿಗಳಿಗೆ ಎದುರಿನವರ ಮಾತಿಗೆ ತಲೆದೂಗುವ ಒಲವೂ ಇದೆ. ‘ಪಾಲುದಾರ ಕೋಪದಿಂದ ಮೇಲೆ ಹೋದದ್ದನ್ನು ನೀವು ಕಂಡಿರಲ್ಲವೇ?’ ಎಂದು ವೈದ್ಯೆಯನ್ನು ಕೇಳಿದರೆ, ಆ ಕೋಪ ಹುಟ್ಟಿದ್ದು ಪ್ರಕರಣದಲ್ಲೋ ನಿಮ್ಮ ಪ್ರಶ್ನೆಯಲ್ಲೋ ಎಂದು ಆಮೇಲೆ ಹೇಳಲಾಗುವುದಿಲ್ಲ. ‘ಆ ರಾತ್ರಿ ಊಟವಾದ ಮೇಲಿನಿಂದ ಮಲಗುವ ತನಕ ನಡೆದದ್ದನ್ನೆಲ್ಲ ಹೇಳಿ’ ಎಂದು ತೆರೆದ ಪ್ರಶ್ನೆಯಿಂದ ಆರಂಭಿಸಿ, ಆಕೆ ತಾನಾಗಿ ಹೇಳಿದ ವಿವರವನ್ನೇ ಹಿಡಿದು ಮುಂದುವರಿಯುವುದು ಉತ್ತಮ.

ಪುರಾವೆಯನ್ನು ತೋರಿಸುವ ಹೊತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು. ಕರೆಂಟಿನ ಸಂಗತಿಯನ್ನು ಮೊದಲೇ ಹೇಳಿಬಿಟ್ಟರೆ ಪಾಲುದಾರನ ಉತ್ತರ ಅದಕ್ಕೆ ಹೊಂದಿಕೊಂಡೇ ಹುಟ್ಟುತ್ತದೆ. ಅದನ್ನು ಕೈಯಲ್ಲಿಟ್ಟುಕೊಂಡು, ಯಾವ ಗಂಟೆಗೆ ಹೊರಟಿರಿ, ಹೇಗೆ ಇಳಿದಿರಿ, ಲಿಫ್ಟಿನಲ್ಲಿ ಜೊತೆಗೆ ಯಾರಾದರೂ ಇದ್ದರೇ, ದೀಪ ಉರಿಯುತ್ತಿತ್ತೇ ಎಂದು ಒಂದೊಂದಾಗಿ ಕೇಳಿ, ಅವನ ಹೇಳಿಕೆ ಎಲ್ಲ ಕಡೆಯಿಂದಲೂ ಕಟ್ಟಿಹೋದ ಮೇಲೆ ಮುಂದಿಡಬೇಕು. ಮನುಷ್ಯರ ವಿಚಾರಣೆಯಲ್ಲಿ ಬೆಲೆಯಿರುವ ಇನ್ನೊಂದು ಅಭ್ಯಾಸವನ್ನು ಮಾತ್ರ ಇಲ್ಲಿ ಬಿಡುವುದು ಒಳ್ಳೆಯದು. ಪಾತ್ರ ತಡವರಿಸಿತು, ಮಾತು ತಪ್ಪಿಸಿತು, ಸಿಡುಕಿತು ಎಂಬುದನ್ನು ಅಪರಾಧದ ಗುರುತಾಗಿ ಹಿಡಿಯಬಾರದು. ಸ್ವಭಾವದ ಸೂಚನೆಯಲ್ಲಿ ‘ಮುಂಗೋಪಿ’ ಎಂದಿದ್ದರೆ ನಿರಪರಾಧಿ ಸೋದರಳಿಯನೂ ಸಿಡುಕುತ್ತಾನೆ. ಎರಡು ಹೇಳಿಕೆಗಳ ನಡುವಿನ ವಿರೋಧ, ಹೇಳಿಕೆಗೂ ದಾಖಲೆಗೂ ನಡುವಿನ ವಿರೋಧ, ಇವೆರಡನ್ನೇ ನೆಚ್ಚಬೇಕು. ಅದಕ್ಕಾಗಿ ಪಕ್ಕದಲ್ಲಿ ಕಾಗದವಿಟ್ಟುಕೊಂಡು, ಯಾರು ಯಾವ ಸಮಯಕ್ಕೆ ಎಲ್ಲಿದ್ದೆನೆಂದರೆಂಬುದನ್ನು ಗೆರೆ ಎಳೆದು ಬರೆಯುವುದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅನುಮಾನ ಬಂದ ವಿವರವನ್ನು ಬೇರೆ ಮಾತಿನಲ್ಲಿ ಮತ್ತೊಮ್ಮೆ ಕೇಳಿ. ಟಿಪ್ಪಣಿಯಲ್ಲಿ ಬರೆದ ಸುಳ್ಳು ಪ್ರತಿಸಲವೂ ಅದೇ ಆಗಿರುವ ಸಂಭವ ಹೆಚ್ಚು, ಆ ಕ್ಷಣಕ್ಕೆ ಹುಟ್ಟಿದ ಕಲ್ಪನೆ ಬೇರೆ ರೂಪ ತಾಳುವ ಸಂಭವ ಹೆಚ್ಚು.

ಸಿದ್ಧ ಆಟವಿಲ್ಲದೆ ಚಾಟ್‌ಬಾಟ್ ಒಂದರೊಡನೆಯೇ ಆಡಬಯಸುವವರು ಸ್ನೇಹಿತರೊಬ್ಬರಿಂದ ಕಡತವನ್ನೂ ನಾಲ್ಕು ಟಿಪ್ಪಣಿಗಳನ್ನೂ ಬರೆಸಿ, ಒಂದೊಂದು ಪಾತ್ರಕ್ಕೆ ಪ್ರತ್ಯೇಕ ಸಂಭಾಷಣೆಯನ್ನು ಅವರಿಂದಲೇ ತೆರೆಸಬಹುದು. ಎಲ್ಲ ಪಾತ್ರಗಳನ್ನೂ ಒಂದೇ ಸಂಭಾಷಣೆಯಲ್ಲಿ ಕೂರಿಸಿದರೆ, ಮನೆಗೆಲಸದಾಕೆಗೆ ಮಾತ್ರ ಗೊತ್ತಿರಬೇಕಾದದ್ದು ಪಾಲುದಾರನ ಮಾತಿನಲ್ಲಿ ಇಣುಕತೊಡಗುತ್ತದೆ.

ಕೊನೆಗೆ ಆರೋಪ ಹೊರಿಸುವ ಘಟ್ಟ ಬರುತ್ತದೆ. ಇಲ್ಲಿ ಹೆಸರನ್ನಷ್ಟೇ ಕೇಳಿದರೆ ನಾಲ್ವರಲ್ಲಿ ಒಬ್ಬರನ್ನು ಕಣ್ಣುಮುಚ್ಚಿ ಆರಿಸಿಯೂ ಗೆಲ್ಲಬಹುದು. ಆದ್ದರಿಂದ ಯಾರು, ಹೇಗೆ, ಯಾವ ಪುರಾವೆಗಳಿಂದ ಎಂಬುದನ್ನು ಆಡುವವರು ತಮ್ಮ ಮಾತಿನಲ್ಲಿ ಬರೆಯಬೇಕು. ಅದನ್ನು ಅಳೆಯುವ ಕೆಲಸವನ್ನು ಮತ್ತೊಂದು ಮಾದರಿಗೆ ಒಪ್ಪಿಸಬಹುದಾದರೂ, ‘ಈ ವಿವರಣೆ ಒಪ್ಪುವಂತಿದೆಯೇ?’ ಎಂದು ಕೇಳಬಾರದು. ನಿರರ್ಗಳವಾಗಿ ಬರೆದ ತಪ್ಪು ಊಹೆಗೂ ಅದು ಮಣಿದುಬಿಡುತ್ತದೆ. ಕರೆಂಟು ಹೋದ ಅವಧಿಯ ಉಲ್ಲೇಖವಿದೆಯೇ, ಆಗ ಲಿಫ್ಟು ಓಡುವಂತಿರಲಿಲ್ಲವೆಂದು ಹೇಳಲಾಗಿದೆಯೇ, ಮೆಟ್ಟಿಲಿನಲ್ಲಿ ಯಾರೂ ಇಳಿಯಲಿಲ್ಲವೆಂಬ ವೈದ್ಯೆಯ ಹೇಳಿಕೆಯನ್ನು ಜೋಡಿಸಲಾಗಿದೆಯೇ ಎಂದು ಕಡತದಿಂದ ತೆಗೆದ ಚಿಕ್ಕ ಚಿಕ್ಕ ಪ್ರಶ್ನೆಗಳಿಗೆ ಇದೆ, ಇಲ್ಲ ಎಂಬ ಉತ್ತರವನ್ನಷ್ಟೇ ಅದರಿಂದ ಪಡೆದು, ಗೆಲುವನ್ನು ಸಾಮಾನ್ಯ ಪ್ರೋಗ್ರಾಮಿನಿಂದ ಲೆಕ್ಕ ಹಾಕಿಸಬೇಕು. ಹೀಗೆ ಕಟ್ಟಿದ ಪ್ರಕರಣವನ್ನು ಇಬ್ಬರು ಬೇರೆ ಬೇರೆಯಾಗಿ ಆಡಿದಾಗ, ಒಬ್ಬರಿಗೆ ಮನೆಗೆಲಸದಾಕೆ ಅಳುತ್ತಾ ಹೇಳಿದ್ದನ್ನು ಇನ್ನೊಬ್ಬರಿಗೆ ಬೇಸರದಿಂದ ಹೇಳಬಹುದು, ವೈದ್ಯೆ ಒಬ್ಬರೊಡನೆ ಹತ್ತು ನಿಮಿಷ ಮಾತಾಡಿ ಇನ್ನೊಬ್ಬರನ್ನು ಎರಡೇ ವಾಕ್ಯದಲ್ಲಿ ಕಳಿಸಬಹುದು; ಲಿಫ್ಟು ಮಾತ್ರ ಇಬ್ಬರ ಆಟದಲ್ಲೂ 9.20ರಿಂದ 9.45ರವರೆಗೆ ನಿಂತೇ ಇರುತ್ತದೆ.